ನಾಲಾದ ಬೆನ್ನು ಹತ್ತಿ ಸಮುದ್ರಕ್ಕೆ

ಮಕ್ಕಳಿಗೆ ಸಮುದ್ರ ತೋರಿಸಬೇಕೆಂದರೆ ಥಾಣೆಯವರು ಲೋಕಲ್ ಹತ್ತಿಸಿ ಚೌಪಾಟಿಗೋ ಜುಹೂವಿಗೋ ಕರೆದೊಯ್ಯುತ್ತಾರೆ. ಮರಳಲ್ಲಿ ಆಡಿ, ಅಲೆಗೆ ಕಾಲೊಡ್ಡಿ, ಭೇಲ್‌ಪುರಿ ತಿಂದು ಬಂದರೆ ಸಮುದ್ರ ನೋಡಿದ ಹಾಗಾಯಿತು. ಆರು, ಏಳು, ಎಂಟನೆಯ ತರಗತಿಯ ಮಕ್ಕಳು ಸಮುದ್ರದ ಬಗ್ಗೆ ಕಲಿಯಬೇಕಾದದ್ದು ಮಾತ್ರ ವಾಗ್ಳೆ ಎಸ್ಟೇಟಿನ ಬಾಗಿಲಲ್ಲೇ ಇದೆ. ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ನಾಲಾ ಹರಿಯುವ ದಿಕ್ಕಿಗೆ ಹೆಜ್ಜೆ ಹಾಕಿದರೆ ಸಾಕು.

ಗುಡ್ಡ ಮತ್ತು ಖಾಡಿಯ ನಡುವೆ

22 ನಂಬರ್ ಸರ್ಕಲ್ಲಿನಲ್ಲಿ ನಿಂತು ಪಶ್ಚಿಮಕ್ಕೆ ಕತ್ತೆತ್ತಿದರೆ ಯೇವೂರ್ ಗುಡ್ಡಗಳು. ಅವು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚು. ಪೂರ್ವಕ್ಕೆ, ಹೆದ್ದಾರಿ ಮತ್ತು ರೈಲು ಹಳಿಗಳ ಆಚೆ, ಥಾಣೆ ಖಾಡಿ, ಅಂದರೆ ಸಮುದ್ರ ಒಳಚಾಚಿದ ಅಳಿವೆ. ನಡುವಿನ ಇಳಿಜಾರೇ ವಾಗ್ಳೆ ಎಸ್ಟೇಟ್. 1962ರ ಆಗಸ್ಟ್ 1ರಂದು ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ತನ್ನ ಕೆಲಸ ಆರಂಭಿಸಿದ್ದು ಇಲ್ಲಿಂದ. ಇಂದು ಹಳೆಯ ಶೆಡ್ಡುಗಳ ಪಕ್ಕದಲ್ಲಿ ಗಾಜಿನ ಕಚೇರಿಗಳು ಎದ್ದಿವೆ. ಕೆಲಸ ಬದಲಾದರೂ ನೀರಿನ ದಾರಿ ಬದಲಾಗಿಲ್ಲ. ಗುಡ್ಡದ ಮೇಲೆ ಬಿದ್ದ ಮಳೆ ಈ ರಸ್ತೆಗಳ ಅಡಿಯಲ್ಲೇ ಹರಿದು ಖಾಡಿ ಸೇರಬೇಕು. ಬೀದಿಯಲ್ಲಿ ಎಸೆದ ಪ್ಲಾಸ್ಟಿಕ್ ಚೀಲ, ಗ್ಯಾರೇಜಿನಲ್ಲಿ ಸೋರಿದ ಎಣ್ಣೆ, ಅಡುಗೆಮನೆಯ ಸಾಬೂನು ನೀರು ಇವಕ್ಕೂ ಅದೇ ದಾರಿ. ಸಮುದ್ರದ ಮೊದಲ ಪಾಠ ಇದು: ಕಡಲು ಕಾಣದ ಊರಿಗೂ ಕಡಲಿನ ನಂಟು ತಪ್ಪಿದ್ದಲ್ಲ.

ಮೀಠ್ ಬಂದರಿನ ಗಣಿತ

ತೀನ್ ಹಾತ್ ನಾಕಾ ದಾಟಿ, ಕೋಪ್ರಿ ಸೇತುವೆ ಹತ್ತಿ ಇಳಿದರೆ ಥಾಣೆ ಪೂರ್ವ. ಚೆಂದಣಿ ಕೋಲಿವಾಡಾದ ಬಳಿ ಮೀಠ್ ಬಂದರ್ ರಸ್ತೆ ಖಾಡಿಯ ಕಡೆಗೆ ಕರೆದೊಯ್ಯುತ್ತದೆ. ಕೋಲಿಗಳು ಇಲ್ಲಿನ ಮೂಲ ಮೀನುಗಾರರು. ದೋಣಿ ಇಳಿಸುವ ಹೊತ್ತನ್ನು ತಿಥಿಯಿಂದಲೇ ಲೆಕ್ಕ ಹಾಕುವ ಸೂತ್ರವೊಂದು ಕೊಂಕಣ ತೀರದಲ್ಲಿದೆ. ತಿಥಿಯ ಸಂಖ್ಯೆಯ ಮುಕ್ಕಾಲು ಪಾಲು ಎಷ್ಟೋ ಅಷ್ಟು ಗಂಟೆಗೆ ಭರತಿ, ಅಂದರೆ ಉಬ್ಬರ. ಚೌತಿಗೆ ನಾಲ್ಕರ ಮುಕ್ಕಾಲು ಮೂರು. ಮೂರು ಗಂಟೆಗೆ ನೀರು ತುಂಬಿರುತ್ತದೆ. ಅಷ್ಟಮಿಗೆ ಆರು ಗಂಟೆ. ಹಗಲಿಗೂ ರಾತ್ರಿಗೂ ಒಂದೇ ಲೆಕ್ಕ, ಆರು ತಾಸು ಬಿಟ್ಟು ಇಳಿತ. ಖಾಡಿಯ ಒಳತುದಿಗೆ ನೀರು ಮುಟ್ಟಲು ಇನ್ನಷ್ಟು ಹೊತ್ತು ಹಿಡಿಯುವುದರಿಂದ ಥಾಣೆಯಲ್ಲಿ ತುಸು ತಡ.

ಸೂತ್ರದ ಹಿಂದಿರುವುದು ಚಂದ್ರ. ಭೂಮಿ ತನ್ನ ಸುತ್ತ ತಿರುಗುವಷ್ಟರಲ್ಲಿ ಚಂದ್ರನೂ ಸ್ವಲ್ಪ ಮುಂದೆ ಸರಿದಿರುತ್ತಾನೆ. ಹಾಗಾಗಿ ಅವನು ಮತ್ತೆ ನೆತ್ತಿಗೆ ಬರಲು 24 ಗಂಟೆ 50 ನಿಮಿಷ ಬೇಕು. ಉಬ್ಬರವೂ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯನ ಸೆಳೆತವೂ ಕೂಡಿ ಉಬ್ಬರ ದೊಡ್ಡದಾಗುತ್ತದೆ. ಮುಂಬಯಿಯ ಅಪೋಲೊ ಬಂದರಿನಲ್ಲಿ 1878ರಿಂದ ಈ ಏರಿಳಿತದ ದಾಖಲೆ ಇದೆ.

ಮಂಗಳೂರು, ಮಲ್ಪೆ ಕಡೆಯಿಂದ ಬಂದ ಮನೆಗಳ ಮಕ್ಕಳು ಇಲ್ಲೊಂದು ವ್ಯತ್ಯಾಸ ಗಮನಿಸಬಹುದು. ಅಜ್ಜಿಮನೆಯ ಕಡಲು ಎರಡು ಮೀಟರಿನೊಳಗೆ ಏರಿಳಿದರೆ ಮುಂಬಯಿಯದು ದೊಡ್ಡ ಉಬ್ಬರದಂದು ನಾಲ್ಕರಿಂದ ಐದು ಮೀಟರು. ಇನ್ನೂ ಉತ್ತರದ ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರನ್ನೂ ದಾಟುತ್ತದೆ. ಅರಬ್ಬಿ ಸಮುದ್ರ ಒಂದೇ. ಆದರೆ ಉತ್ತರಕ್ಕೆ ಹೋದಂತೆ ತೀರದಾಚೆಯ ಆಳವಿಲ್ಲದ ತಳ ಅಗಲವಾಗುತ್ತದೆ. ಕಿರಿದಾಗುವ ಕೊಲ್ಲಿಯೊಳಗೆ ನುಗ್ಗಿದ ನೀರಿಗೆ ಮೇಲೇರದೆ ಗತಿಯಿಲ್ಲ. ಈ ಏರಿಳಿತಕ್ಕೂ ನಾಲಾಕ್ಕೂ ನಂಟಿದೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಉಬ್ಬರವೂ ಜೊತೆಗೂಡಿತ್ತು. ಖಾಡಿ ತುಂಬಿದ್ದರೆ ನಾಲಾದ ನೀರು ಹೋಗುವುದೆಲ್ಲಿಗೆ?

ಮರಳಿಲ್ಲದ ತೀರ

ಇಳಿತದ ಹೊತ್ತಿಗೆ ಖಾಡಿಯಲ್ಲಿ ಕಾಣುವುದೆಲ್ಲ ಕಪ್ಪು ಕೆಸರು. ಮೂಗು ಮುಚ್ಚಿಕೊಳ್ಳುವ ಮೊದಲು ಅದರ ವಿಜ್ಞಾನ ನೋಡಬೇಕು. ಸಿಹಿನೀರಿನಲ್ಲಿ ಬರುವ ಜೇಡಿಯ ಸೂಕ್ಷ್ಮ ಕಣಗಳು ಒಂದೇ ಬಗೆಯ ವಿದ್ಯುದಂಶ ಹೊತ್ತಿರುವುದರಿಂದ ಒಂದನ್ನೊಂದು ದೂಡುತ್ತ ತೇಲುತ್ತವೆ. ಉಪ್ಪುನೀರು ಬೆರೆತೊಡನೆ ಆ ತಳ್ಳಾಟ ನಿಂತು, ಕಣಗಳು ಗಂಟುಗಟ್ಟಿ ತಳಕ್ಕೆ ಇಳಿಯುತ್ತವೆ. ಮನೆಯಲ್ಲೇ ನೋಡಬಹುದು: ಎರಡು ಲೋಟಗಳಲ್ಲಿ ಒಂದೇ ಜೇಡಿಮಣ್ಣಿನ ಕದಡಿದ ನೀರು, ಒಂದಕ್ಕೆ ಮಾತ್ರ ಚಮಚ ಉಪ್ಪು. ಉಪ್ಪಿನ ಲೋಟ ಬೇಗ ತಿಳಿಯಾಗುತ್ತದೆ.

ತೆರೆದ ಸಮುದ್ರದ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಖಾಡಿಯಲ್ಲಿ ಆ ಅಂಕಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ತೀರಾ ಇಳಿದು, ಬೇಸಿಗೆಯಲ್ಲಿ ಸಮುದ್ರದ ಮಟ್ಟಕ್ಕೆ ಹತ್ತಿರವಾಗುತ್ತದೆ. ಈ ಹೊಯ್ದಾಟ ತಾಳಿಕೊಂಡ ಜೀವಿಗಳಷ್ಟೇ ಇಲ್ಲಿ ಬಾಳುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡ. ಇಲ್ಲಿ ಹೆಚ್ಚಾಗಿರುವ ಜಾತಿಗೆ ಮರಾಠಿಯಲ್ಲಿ ತಿವರ್ ಎನ್ನುತ್ತಾರೆ. ಕೆಸರಿನಲ್ಲಿ ಆಮ್ಲಜನಕ ಇಲ್ಲದ್ದರಿಂದ ಅದರ ಬೇರುಗಳು ಉಸಿರಾಡಲು ಕಡ್ಡಿಗಳಂತೆ ನೆಲದಿಂದ ಮೇಲೆ ಬರುತ್ತವೆ. ಹೀರಿದ ಹೆಚ್ಚುವರಿ ಉಪ್ಪನ್ನು ಎಲೆಗಳು ಹೊರಹಾಕುತ್ತವೆ. ಬೇರುಗಳ ನಡುವೆ ನೆಗೆದಾಡುವ ಗಿಡ್ಡ ಮೀನು ನಿವಟಿ. ಒದ್ದೆಯಾಗಿರುವವರೆಗೂ ಚರ್ಮದಿಂದಲೂ ಉಸಿರಾಡಬಲ್ಲದು.

ಐರೋಲಿಯ ಕೆಂಪು ಗುಂಪು

ಥಾಣೆಯಿಂದ ವಾಶಿ ಕಡೆಯ ಲೋಕಲ್ ಹಿಡಿದರೆ ಐರೋಲಿ ದೂರವಲ್ಲ. ಅರಣ್ಯ ಇಲಾಖೆ ಅಲ್ಲಿ ನಡೆಸುವ ಕರಾವಳಿ ಮತ್ತು ಸಮುದ್ರ ಜೀವವೈವಿಧ್ಯ ಕೇಂದ್ರ 2017ರಿಂದ ತೆರೆದಿದೆ. ಒಳಗೆ ಕಾಂಡ್ಲಾ ಮತ್ತು ಸಮುದ್ರಜೀವಿಗಳ ಪರಿಚಯ; ಹೊರಗೆ ಫ್ಲೆಮಿಂಗೊ ಋತುವಿನಲ್ಲಿ ಬೋಟಿನ ಸವಾರಿ. ಚಳಿಗಾಲದಿಂದ ಬೇಸಿಗೆಯವರೆಗೆ ಇಲ್ಲಿ ನೆರೆಯುವ ಫ್ಲೆಮಿಂಗೊಗಳಲ್ಲಿ ಕಿರು ಜಾತಿಯವು ಕೊಕ್ಕನ್ನು ತಲೆಕೆಳಗಾಗಿಸಿ ನೀರು ಸೋಸಿ, ಕಣ್ಣಿಗೆ ಕಾಣದ ಪಾಚಿ ತಿನ್ನುತ್ತವೆ. ಅವುಗಳ ಗುಲಾಬಿ ಬಣ್ಣ ಬಂದದ್ದು ಆ ಆಹಾರದಿಂದ.

ಪಾಚಿ ಬೆಳೆಯಲು ಸಾರಜನಕ, ರಂಜಕ ಬೇಕು. ನಗರಗಳ ಕೊಳಚೆಯಲ್ಲಿ ಎರಡೂ ಧಾರಾಳ. ಅಂದರೆ ವಾಗ್ಳೆ ಎಸ್ಟೇಟಿನಂಥ ಕಡೆಗಳಿಂದ ಹೊರಟ ನೀರಿಗೂ ಈ ಹಕ್ಕಿಗಳ ಊಟಕ್ಕೂ ಸಂಬಂಧವಿದೆ. ಇದನ್ನು ಕೊಳಚೆಯ ಪರ ವಾದವೆಂದು ಮಕ್ಕಳು ತಿಳಿಯಬಾರದು. ಪಾಚಿ ಮಿತಿಮೀರಿದರೆ ಅದು ಕೊಳೆಯುವಾಗ ನೀರಿನ ಆಮ್ಲಜನಕ ಬರಿದಾಗಿ ಮೀನು ಸಾಯುತ್ತದೆ. ಖಾಡಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಥಾಣೆ ಖಾಡಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ನಮ್ಮ ಅಘನಾಶಿನಿ ಅಳಿವೆಗೆ ಅದೇ ಮಾನ್ಯತೆ ಸಿಕ್ಕಿದ್ದು 2024ರಲ್ಲಿ.

ಹೋಗುವವರಿಗೆ

ಹೊರಡುವ ಮುನ್ನ ಮಕ್ಕಳ ಕೈಗೆ ಪಂಚಾಂಗ ಕೊಟ್ಟು ಅಂದಿನ ಉಬ್ಬರದ ಹೊತ್ತನ್ನು ಅವರಿಂದಲೇ ಲೆಕ್ಕ ಮಾಡಿಸಿ. ಕೆಸರು, ಬೇರು, ನಿವಟಿ ನೋಡಲು ಇಳಿತ ಬೇಕು; ಬೋಟಿಗೆ ನೀರು ತುಂಬಿರಬೇಕು. ಕೆಸರಿಗೆ ಇಳಿಯಬೇಡಿ, ಅದು ಸೊಂಟದವರೆಗೂ ಎಳೆದೀತು. ಹಿಂತಿರುಗುವಾಗ ಎಸ್ಟೇಟಿನ ಯಾವುದಾದರೂ ಮೋರಿಯ ಬಳಿ ನಿಂತು ಅದರಲ್ಲಿ ತೇಲುತ್ತಿರುವುದೇನೆಂದು ಬರೆದುಕೊಳ್ಳಲು ಹೇಳಿ. ಶಾಲೆಯ ಪ್ರಾಜೆಕ್ಟಿಗೆ ಅದಕ್ಕಿಂತ ಒಳ್ಳೆಯ ವಿಷಯ ಸಿಗಲಾರದು.