ಬಿಸಿಗಾಳಿ ಬಾರದಿರಲು ಕಾರಣವೇನು?

ಹಿಮ ಬೀಳುವ ನಾಡುಗಳ ದೊಡ್ಡ ಕಟ್ಟಡಗಳಲ್ಲಿ ಹವಾನಿಯಂತ್ರಣ ಘಟಕವು ಚಳಿಗಾಲದಲ್ಲಿ ಬೆಚ್ಚನೆಯ ಗಾಳಿಯನ್ನು ಒದಗಿಸಬೇಕಾಗುತ್ತದೆ. ಅನೇಕ ಘಟಕಗಳಲ್ಲಿ ಈ ಕಾರ್ಯವನ್ನು ವಿದ್ಯುತ್ತಿನಿಂದ ಕಾಯುವ ತಂತಿಸುರುಳಿಗಳು ನಡೆಸುತ್ತವೆ. ಒಮ್ಮೊಮ್ಮೆ ಫ್ಯಾನು ತಿರುಗುತ್ತಿದ್ದರೂ ಕೋಣೆ ಬೆಚ್ಚಗಾಗುವುದಿಲ್ಲ. ಸುರುಳಿ ಸುಟ್ಟಿರಬೇಕೆಂದು ಊಹಿಸುವುದು ಸಹಜ. ಆದರೆ ಒಂದು ಉಷ್ಣಮಾಪಕವೂ ಸ್ವಲ್ಪ ಗಣಿತವೂ ಇದ್ದರೆ ದೋಷದ ನೆಲೆಯನ್ನು ನಾವು ಊಹೆಯಿಲ್ಲದೆಯೇ ಕಾಣಬಹುದು.

ಸುರುಳಿಗಳನ್ನು ಸಾಮಾನ್ಯವಾಗಿ ನಿಕ್ಕಲ್ ಮತ್ತು ಕ್ರೋಮಿಯಂಗಳ ಮಿಶ್ರಲೋಹವಾದ ನೈಕ್ರೋಮಿನಿಂದ ಮಾಡುತ್ತಾರೆ. ವಾಹಕದಲ್ಲಿ ಹುಟ್ಟುವ ಉಷ್ಣವು ಅದರ ರೋಧಕ್ಕೂ ಪ್ರವಾಹದ ವರ್ಗಕ್ಕೂ ಅನುಪಾತದಲ್ಲಿರುವುದೆಂದು ಜೂಲನು 1841ರಲ್ಲಿ ಪ್ರಕಟಿಸಿದನು. ರೋಧವು ಬದಲಾಗದಿದ್ದರೆ ಈ ಉಷ್ಣವು ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ.

ಉದಾಹರಣೆಗೆ, 230 ವೋಲ್ಟಿನಲ್ಲಿ ತಲಾ 3 ಕಿಲೋವಾಟ್ ಸೆಳೆಯುವ ಮೂರು ಸುರುಳಿಗಳನ್ನು ಸಮಾಂತರವಾಗಿ ಜೋಡಿಸಿದೆ ಎಂದುಕೊಳ್ಳೋಣ. ಅವುಗಳ ಮೇಲೆ ಸೆಕೆಂಡಿಗೆ ಅರ್ಧ ಘನಮೀಟರು ಗಾಳಿ ಹಾಯುತ್ತಿರಲಿ. ಅಷ್ಟು ಗಾಳಿಯ ದ್ರವ್ಯರಾಶಿ ಸುಮಾರು 0.6 ಕಿಲೋಗ್ರಾಂ, ಅದರ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 600 ಜೂಲ್ ಬೇಕು. ಆದುದರಿಂದ 9,000 ವಾಟ್ ಸಾಮರ್ಥ್ಯವು ಗಾಳಿಯ ಉಷ್ಣತೆಯನ್ನು 15 ಡಿಗ್ರಿ ಏರಿಸಬೇಕು.

ಮೂರೂ ಸುರುಳಿಗಳಿಗೆ ವಿದ್ಯುತ್ತನ್ನು ಹಾಯಿಸಿ, ಗಾಳಿಯು ಅವುಗಳನ್ನು ಸೇರುವ ಮುನ್ನವೂ ದಾಟಿದ ಬಳಿಕವೂ ಅದರ ಉಷ್ಣತೆಯನ್ನು ಅಳೆಯೋಣ. ಕಾದ ಸುರುಳಿಯ ವಿಕಿರಣವು ಉಷ್ಣಮಾಪಕಕ್ಕೆ ನೇರವಾಗಿ ತಾಗಬಾರದು. ವ್ಯತ್ಯಾಸ 15 ಡಿಗ್ರಿ ಇದ್ದರೆ ಸುರುಳಿಗಳು ನಿರ್ದೋಷವಾಗಿವೆ. ಶಾಖವು ಬಾಗಿಲು ಕಿಟಕಿಗಳ ಸಂದಿನಲ್ಲಿ ಸೋರುತ್ತಿರಬಹುದು. 10 ಡಿಗ್ರಿ ಇದ್ದರೆ ಒಂದು ಸುರುಳಿಯೋ ಅದರ ಫ್ಯೂಸೋ ಕಡಿದಿರುವ ಸಂಭವ ಹೆಚ್ಚು. ಸುಮಾರು 12 ಡಿಗ್ರಿ ಇದ್ದರೆ ವೋಲ್ಟೇಜನ್ನು ಪರೀಕ್ಷಿಸಬೇಕು. ಅದು 207ಕ್ಕೆ, ಎಂದರೆ ಶೇಕಡಾ 10ರಷ್ಟು ಇಳಿದರೆ, ಉಷ್ಣವು ಶೇಕಡಾ 19ರಷ್ಟು ಇಳಿಯುತ್ತದೆ.

ಇನ್ನೊಂದು ಪ್ರಸಂಗವು ಮೇಲ್ನೋಟಕ್ಕೆ ವಿಚಿತ್ರವಾಗಿದೆ. ಗಾಳಿಯು ಕೆಲವು ನಿಮಿಷ ವಿಪರೀತ ಬಿಸಿಯಾಗಿ ಬಂದು, ಅನಂತರ ತಣ್ಣಗಾಗುತ್ತದೆ. ಶೋಧಕದಲ್ಲಿ ಧೂಳು ಕಟ್ಟಿ ಗಾಳಿಯ ಹರಿವು ಮೂರನೆಯ ಒಂದು ಭಾಗಕ್ಕೆ ಇಳಿದಿದೆ ಎನ್ನೋಣ. ಅದೇ ಉಷ್ಣವು ಈಗ ಗಾಳಿಯನ್ನು 45 ಡಿಗ್ರಿ ಏರಿಸುತ್ತದೆ; 20 ಡಿಗ್ರಿಯಲ್ಲಿ ಒಳಬಂದ ಗಾಳಿ 65 ಡಿಗ್ರಿಗೆ ಮುಟ್ಟುತ್ತದೆ. ಅಲ್ಲಿರುವ ರಕ್ಷಣಾ ಸ್ವಿಚ್ಚನ್ನು 60 ಡಿಗ್ರಿಗೆ ನಿಗದಿ ಮಾಡಿದ್ದರೆ, ಅದರ ದ್ವಿಲೋಹದ ಪಟ್ಟಿ ಬಾಗಿ ಪ್ರವಾಹವನ್ನು ಕಡಿಯುತ್ತದೆ. ತಣಿದ ಮೇಲೆ ಮತ್ತೆ ಜೋಡಿಸುತ್ತದೆ. ಹೀಗೆ ಸುರುಳಿಗಳು ಸರಿಯಾಗಿದ್ದರೂ ಕೋಣೆಗೆ ಸಾಕಷ್ಟು ಶಾಖ ದೊರೆಯುವುದಿಲ್ಲ.

ಇಂಥ ಸಮಯದಲ್ಲಿ ರಕ್ಷಣಾ ಸ್ವಿಚ್ಚೇ ಕೆಟ್ಟಿದೆಯೆಂದು ಬಗೆದು, ಅದರ ಎರಡು ತುದಿಗಳನ್ನು ತಂತಿಯಿಂದ ಬೆಸೆಯುವುದು ಅತ್ಯಂತ ಅಪಾಯಕರ. ಸುರುಳಿಯ ಉಷ್ಣತೆ ತಡೆಯಿಲ್ಲದೆ ಏರಿ, ಸಂಗ್ರಹವಾದ ಧೂಳಿಗೆ ಬೆಂಕಿ ಹತ್ತಬಹುದು. ಆ ಹೊಗೆಯನ್ನು ಫ್ಯಾನು ಕೋಣೆಕೋಣೆಗೂ ಹಂಚೀತು. ಮುಖ್ಯ ಸ್ವಿಚ್ಚನ್ನು ಆರಿಸಿದ ಬಳಿಕ, ಬಲ್ಲವರಿಂದ ಶೋಧಕವನ್ನೂ ಫ್ಯಾನನ್ನೂ ಮೊದಲು ಪರೀಕ್ಷಿಸಿಸಬೇಕು. ಶೋಧಕ ಶುಚಿಯಾಗಿ ಗಾಳಿಯ ಹರಿವು ಮೊದಲಿನಂತಾದರೆ, ವ್ಯತ್ಯಾಸವು ಮತ್ತೆ 15 ಡಿಗ್ರಿಗೆ ಬರುವುದನ್ನು ಅದೇ ಉಷ್ಣಮಾಪಕದಲ್ಲಿ ನೋಡಬಹುದು.