ಪೇಪರ್ ಹೋದ್ರೆ ಊರಿನ ಸುದ್ದಿ ಯಾರು ಬರೀತಾರೆ?

ಬಿ.ಕಾಂ. ಓದಿದವನು ನಾನು, ಲೆಕ್ಕದಿಂದಲೇ ಶುರು ಮಾಡ್ತೀನಿ. ಪೇಪರ್‌ಗೆ ನಾವು ಕೊಡೋ ದುಡ್ಡಲ್ಲಿ ಕಾಗದ, ಅಚ್ಚು, ಸಾಗಣೆಯ ಅಸಲೂ ಹುಟ್ಟಲ್ಲ. ಆ ಕೊರತೆ ತುಂಬ್ತಿದ್ದದ್ದು ಜಾಹೀರಾತು. 2016ರಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯ್ತು. ಓದುಗರು ಮೊಬೈಲ್ ಹಿಡಿದ್ರು, ಜಾಹೀರಾತು ಅವರ ಹಿಂದೆನೇ ಗೂಗಲ್, ಫೇಸ್‌ಬುಕ್ ಕಡೆ ಹೊರಟಿತು. 2022ರಲ್ಲಿ ಉಕ್ರೇನ್ ಯುದ್ಧದ ಹೊತ್ತಿಗೆ ನ್ಯೂಸ್‌ಪ್ರಿಂಟ್ ರೇಟೂ ಏರ್ತು.

‘ಸುದ್ದಿ ಫೋನಲ್ಲೇ ಸಿಗುತ್ತಲ್ಲ’ ಅಂತೀರಾ? ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಅಂತ ಯೂಟ್ಯೂಬಲ್ಲಿ ಹುಡುಕಿ. ಮಹಾಲಕ್ಷ್ಮಿ ದೇವಸ್ಥಾನದ ವಿಡಿಯೋಗಳು ಸಾಲುಸಾಲಾಗಿ ಬರ್ತವೆ. (ಕೆಲವು ನಿಜಕ್ಕೂ ಚೆನ್ನಾಗಿವೆ.) ಆದ್ರೆ ಗ್ರಾಮಸಭೆಯಲ್ಲಿ ಏನಾಯ್ತು, ಬೋರ್‌ವೆಲ್‌ಗೆ ಎಷ್ಟು ಖರ್ಚಾಯ್ತು? ಇದಕ್ಕೆ ವ್ಯೂಸ್ ಬರಲ್ಲ, ಹಾಗಾಗಿ ಮಾಡೋರೂ ಕಮ್ಮಿ. ಇಂಥದ್ದನ್ನ ನಾಲ್ಕು ಸಾಲಲ್ಲಾದ್ರೂ ಬರೀತಿದ್ದೋರು ತಾಲ್ಲೂಕು ವರದಿಗಾರರು. ಎಷ್ಟೋ ಕಡೆ ಜಾಹೀರಾತು ತರೋ ಹೊರೆಯೂ ಅವರ ತಲೆ ಮೇಲೇ ಇದೆ.