ಮಗು ಕಂಡದ್ದು, ವೈದ್ಯರು ಕೇಳುವುದು: ದೃಷ್ಟಿಯ ತೊಂದರೆಗಳು ಮತ್ತು ಶಿಕ್ಷಕರ ಹೊಣೆ

ಮಗುವಿನ ಕಾಲು ಕುಂಟಿದರೆ ಅದು ಎಲ್ಲರಿಗೂ ಕಾಣುತ್ತದೆ. ಕಿವಿ ಸೋರಿದರೆ ಪಕ್ಕದಲ್ಲಿ ಕುಳಿತವರಿಗಾದರೂ ತಿಳಿಯುತ್ತದೆ. ನೋಟ ಕೆಟ್ಟರೆ ಹೊರಗಿನವರಿಗೆ ಬಹುಮಟ್ಟಿಗೆ ಯಾವ ಕುರುಹೂ ದೊರೆಯದು. ಚಿಕ್ಕಂದಿನಿಂದಲೂ ಮಸುಕಾಗಿಯೇ ಕಂಡ ಮಗುವಿಗೆ, ಇತರರಿಗೆ ಲೋಕವು ಬೇರೆ ರೀತಿಯಲ್ಲಿ ಕಾಣುತ್ತದೆಂಬ ಅರಿವೇ ಇರುವುದಿಲ್ಲ. ಆದುದರಿಂದ ಅದು ದೂರುವುದೂ ಇಲ್ಲ. ಇದ್ದಕ್ಕಿದ್ದಂತೆ ಚುಕ್ಕೆಯನ್ನೋ ಮಿಂಚನ್ನೋ ಕಂಡ ಮಗುವು "ಕಣ್ಣು ಒಂಥರಾ ಆಗುತ್ತದೆ" ಎಂದಷ್ಟೇ ಹೇಳೀತು. ಆ ಮಾತನ್ನು ಪಾಠ ತಪ್ಪಿಸುವ ನೆಪವೆಂದು ತಳ್ಳಿಹಾಕುವುದು ಸುಲಭ.

ಗಡಿನಾಡಿನ ಶಾಲೆಗಳಲ್ಲಿ ಇದಕ್ಕೆ ಮತ್ತೊಂದು ತೊಡಕು ಕೂಡುತ್ತದೆ. ಕಾಸರಗೋಡಿನಲ್ಲಾಗಲಿ ತಾಳವಾಡಿಯಲ್ಲಾಗಲಿ, ಅಕ್ಕಲಕೋಟೆಯಲ್ಲಾಗಲಿ ಆದವಾನಿಯಲ್ಲಾಗಲಿ ನಮ್ಮ ಮಕ್ಕಳು ಓದುಬರಹ ಕಲಿತ ಭಾಷೆ ಕನ್ನಡ. ಆಸ್ಪತ್ರೆಯಲ್ಲಿ ಅವರನ್ನು ಪ್ರಶ್ನಿಸುವ ಭಾಷೆ ಅನೇಕ ವೇಳೆ ಬೇರೆ. ಕಣ್ಣಿನ ವಿಚಾರದಲ್ಲಿ ವೈದ್ಯರ ತೀರ್ಮಾನವು ಬಹಳಷ್ಟು ಮಟ್ಟಿಗೆ ರೋಗಿಯು ಹೇಳುವ ವಿವರವನ್ನೇ ಅವಲಂಬಿಸಿರುತ್ತದೆ. ಆದಕಾರಣ ಶಿಕ್ಷಕರಿಂದ ಇಲ್ಲಿ ನಿರೀಕ್ಷಿಸುವುದು ರೋಗನಿರ್ಣಯವನ್ನಲ್ಲ. ಮಗುವಿನ ಅಸ್ಪಷ್ಟ ಮಾತನ್ನು ವೈದ್ಯರಿಗೆ ಉಪಯೋಗವಾಗುವ ವಿವರವನ್ನಾಗಿ ಬರೆದುಕೊಡುವುದು, ಮತ್ತು ಎಷ್ಟು ಬೇಗ ಕಳುಹಿಸಬೇಕೆಂಬುದನ್ನು ಗುರುತಿಸುವುದು, ಇವೆರಡು ಅವರಿಂದ ಆಗಬೇಕಾದ ಕೆಲಸಗಳು.

ನೋಟ ಕೆಡುವ ಮೂರು ತಾಣಗಳು

ಬೆಳಕು ಕಣ್ಣಿನ ಮುಂಭಾಗದ ಕಾರ್ನಿಯಾ ಹಾಗೂ ಮಸೂರಗಳ ಮೂಲಕ ಹಾದು, ಹಿಂಭಾಗದ ಅಕ್ಷಿಪಟಲದ ಮೇಲೆ ಬಿಂಬವಾಗಿ ಮೂಡುತ್ತದೆ. ಅಲ್ಲಿಂದ ದೃಷ್ಟಿನರವು ಅದನ್ನು ಮೆದುಳಿಗೆ ಮುಟ್ಟಿಸುತ್ತದೆ. ತೊಂದರೆಯು ಈ ಮೂರರಲ್ಲಿ ಎಲ್ಲಿದೆಯೆಂಬುದಕ್ಕೆ ಅನುಗುಣವಾಗಿ ಅದರ ಲಕ್ಷಣವೂ ಬದಲಾಗುತ್ತದೆ.

ಬಿಂಬವು ಸರಿಯಾಗಿ ಕೂಡದಿದ್ದರೆ ಮಸುಕು ಉಂಟಾಗುತ್ತದೆ. ಸಮೀಪದೃಷ್ಟಿಯುಳ್ಳ ಮಗು ಕಪ್ಪುಹಲಗೆಯನ್ನು ಓದಲಾರದು, ಪುಸ್ತಕವನ್ನು ಓದಬಲ್ಲುದು. ಪಕ್ಕದವರ ಪುಸ್ತಕ ನೋಡಿ ಬರೆಯುವುದು, ಕಣ್ಣು ಕಿರಿದುಮಾಡಿ ನೋಡುವುದು ಇದರ ಚಿಹ್ನೆಗಳು. ಕನ್ನಡಕದಿಂದ ಇದು ಸರಿಹೋಗುತ್ತದೆ. ಒಂದು ಕಣ್ಣು ಮಾತ್ರ ದುರ್ಬಲವಾಗಿದ್ದರೆ ಮಗು ಇನ್ನೊಂದರಿಂದ ಸುಸೂತ್ರವಾಗಿ ನೋಡಿಕೊಂಡಿರುತ್ತದೆ. ಬಳಕೆಯಿಲ್ಲದ ಕಣ್ಣಿನ ದೃಷ್ಟಿ ಬೆಳೆಯುವುದೇ ಇಲ್ಲ. ಇದಕ್ಕೆ ಚಿಕಿತ್ಸೆ ಅತ್ಯಂತ ಫಲಕಾರಿಯಾಗುವುದು ಏಳೆಂಟು ವರ್ಷದೊಳಗೆ. ಆದುದರಿಂದ ಒಂದನೆಯ ತರಗತಿಯಲ್ಲಿಯೇ ಒಂದೊಂದು ಕಣ್ಣನ್ನು ಮುಚ್ಚಿಸಿ ಓದಿಸುವುದು ಅವಶ್ಯ.

ಅಕ್ಷಿಪಟಲದ ತೊಂದರೆಗಳು ಬೇರೆ ಬಗೆಯವು. ಸಂಜೆಯಾಗುತ್ತಲೇ ತಡವರಿಸುವ ಮಗುವಿಗೆ ಇರುಳುಗುರುಡು ಇರಬಹುದು. ಅದು 'ಎ' ಜೀವಸತ್ವದ ಕೊರತೆಯಿಂದ ಬಂದುದಾದರೆ ಚಿಕಿತ್ಸೆಯಿಂದ ವಾಸಿಯಾಗುತ್ತದೆ, ವಂಶಪಾರಂಪರ್ಯವಾಗಿ ಬಂದುದಾದರೆ ದೀರ್ಘಕಾಲದ ತಪಾಸಣೆ ಬೇಕಾಗುತ್ತದೆ. ರಕ್ತಸಂಬಂಧದಲ್ಲಿ ಮದುವೆಯಾದ ತಂದೆತಾಯಿಗಳ ಮಕ್ಕಳಲ್ಲಿ ಎರಡನೆಯದರ ಸಾಧ್ಯತೆ ಹೆಚ್ಚು. ಕಣ್ಣಿನೊಳಗೆ ಗಾಜಿನಂತೆ ತಿಳಿಯಾದ ಲೋಳೆಯೊಂದು ತುಂಬಿರುತ್ತದೆ. ವಯಸ್ಸಾದಂತೆ ಅದು ಕುಗ್ಗುವಾಗ ಎಳೆಗಳು, ಚುಕ್ಕೆಗಳು ತೇಲಿದಂತೆ ಕಾಣುತ್ತವೆ. ಐವತ್ತು ದಾಟಿದವರಲ್ಲಿ ಇದು ಸಾಮಾನ್ಯ. ಆದರೆ ಆ ಲೋಳೆಯು ಅಕ್ಷಿಪಟಲವನ್ನು ಎಳೆದು ಹರಿದರೆ ಒಮ್ಮೆಲೇ ಹೊಸ ಚುಕ್ಕೆಗಳು ಸುರಿಯುತ್ತವೆ, ಮಿಂಚು ಹೊಳೆಯುತ್ತದೆ. ಬಳಿಕ ಬದಿಯಿಂದ ಪರದೆ ಇಳಿದಂತಾಗುತ್ತದೆ. ಇದಾವುದರಲ್ಲಿಯೂ ನೋವಿರುವುದಿಲ್ಲ. ಪೆಟ್ಟು ಬಿದ್ದ ಕಣ್ಣಿನಲ್ಲಿಯೂ ಅಧಿಕ ಸಮೀಪದೃಷ್ಟಿಯುಳ್ಳ ಕಣ್ಣಿನಲ್ಲಿಯೂ ಎಳೆಯ ವಯಸ್ಸಿನಲ್ಲಿಯೇ ಹೀಗಾಗಬಹುದು.

ಮೂರನೆಯದು ಮೆದುಳಿಗೆ ಸಂಬಂಧಿಸಿದುದು. ಅರೆತಲೆನೋವಿನ ಮುನ್ಸೂಚನೆಯಾಗಿ ಹೊಳೆಯುವ ಅಂಕುಡೊಂಕು ಗೆರೆ ಕಾಣಿಸಿಕೊಂಡು, ಮೆಲ್ಲನೆ ಹರಡಿ, 5ರಿಂದ 60 ನಿಮಿಷಗಳೊಳಗೆ ತಾನಾಗಿಯೇ ಮಾಯವಾಗುತ್ತದೆ. ಅನಂತರ ತಲೆನೋವು ಬರಬಹುದು, ಬಾರದೆಯೂ ಇರಬಹುದು. ಇದು ಕಣ್ಣಿನಲ್ಲಿ ಹುಟ್ಟುವುದಲ್ಲವಾದುದರಿಂದ ಯಾವ ಕಣ್ಣನ್ನು ಮುಚ್ಚಿದರೂ ಗೆರೆ ಕಾಣುತ್ತಲೇ ಇರುತ್ತದೆ. ಇನ್ನು ಕೆಲವರಿಗೆ ಸದಾಕಾಲ ನೋಟದ ತುಂಬ ಸಣ್ಣ ಚುಕ್ಕೆಗಳು ಹಳೆಯ ದೂರದರ್ಶನದ ಪರದೆಯಂತೆ ಮಿನುಗುತ್ತವೆ. ಬೆಳಕು ಸಹಿಸಲಾಗುವುದಿಲ್ಲ, ನೋಡಿದ ವಸ್ತುವಿನ ನೆರಳು ಕಣ್ಣಿನಲ್ಲಿ ಉಳಿದುಬಿಡುತ್ತದೆ. 'ವಿಷುವಲ್ ಸ್ನೋ' ಎಂದು ಕರೆಯಲಾಗುವ ಈ ಸ್ಥಿತಿಯ ಲಕ್ಷಣಗಳನ್ನು ತಜ್ಞರು 2014ರಲ್ಲಿ ಖಚಿತವಾಗಿ ನಿರೂಪಿಸಿದರು. ಇಂತಹವರ ಕಣ್ಣಿನ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿಯೇ ಕಂಡುಬರುತ್ತದೆ.

ಕಾಯಬಾರದ ಲಕ್ಷಣಗಳು

ಡಾ. ಎಂ. ಸಿ. ಮೋದಿಯವರಂತಹ ಮಹನೀಯರು ಊರೂರಿಗೆ ತೆರಳಿ ಉಚಿತ ನೇತ್ರಶಿಬಿರಗಳನ್ನು ನಡೆಸಿದುದರಿಂದ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯು ಬಡವರಿಗೂ ದೊರೆಯುವಂತಾಯಿತು. ಮುಂದಿನ ಶಿಬಿರಕ್ಕಾಗಿ ಕಾದಿರುವ ರೂಢಿಯೂ ಅದರೊಡನೆ ಬೆಳೆಯಿತು. ವೃದ್ಧರ ಪೊರೆಯು ಸಾಮಾನ್ಯವಾಗಿ ಕೆಲವು ತಿಂಗಳು ಕಾದೀತು, ಕೆಳಗಿನವು ಕಾಯುವುದಿಲ್ಲ. ಇವು ಕಂಡ ದಿನವೇ ನೇತ್ರವೈದ್ಯರಿರುವ ಆಸ್ಪತ್ರೆಗೆ ಹೋಗಬೇಕು:

1. ಒಮ್ಮೆಲೇ ನೋಟ ಹೋಗುವುದು. ಕೆಲವೇ ನಿಮಿಷಗಳಲ್ಲಿ ಮರಳಿ ಬಂದರೂ ಸರಿ. ಹಿರಿಯರಲ್ಲಿ ಇದು ಪಾರ್ಶ್ವವಾಯುವಿನ ಮುನ್ಸೂಚನೆಯಾಗಿರಬಹುದು.
2. ಹೊಸದಾಗಿ ಸುರಿಯುವ ಚುಕ್ಕೆಗಳು, ಮಿಂಚು, ಬದಿಯಿಂದ ಇಳಿಯುವ ಪರದೆ. ಅಕ್ಷಿಪಟಲದ ನಡುಭಾಗ ಕಳಚುವ ಮೊದಲೇ ಶಸ್ತ್ರಚಿಕಿತ್ಸೆಯಾದರೆ ನೋಟ ಉಳಿಯುವ ಸಾಧ್ಯತೆ ಬಹಳ ಹೆಚ್ಚು.
3. ಕಣ್ಣು ಕೆಂಪಾಗಿ ತೀವ್ರವಾಗಿ ನೋಯುವುದು, ದೀಪದ ಸುತ್ತ ಬಣ್ಣದ ಬಳೆ ಕಾಣುವುದು, ಜೊತೆಗೆ ವಾಂತಿ.
4. ಇದ್ದಕ್ಕಿದ್ದಂತೆ ಒಂದು ವಸ್ತು ಎರಡಾಗಿ ಕಾಣುವುದು. ಕೈಕಾಲು ಸೋಲುವುದು, ಮಾತು ತೊದಲುವುದು.
5. ಬೆಳಗ್ಗೆ ಏಳುವಾಗಲೇ ತಲೆನೋವು, ವಾಂತಿ, ಬಗ್ಗಿದಾಗ ನೋಟ ಮಬ್ಬಾಗುವುದು.
6. ಕಣ್ಣಿಗೆ ಪೆಟ್ಟು ಬಿದ್ದ ಮೇಲೆ ನೋಟ ಬದಲಾಗುವುದು.

ಅಂಗನವಾಡಿಯ ವಯಸ್ಸಿನ ಮಗುವಿನ ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರೆ ಅದನ್ನೂ ತಡಮಾಡದೆ ತೋರಿಸಬೇಕು. ಅದು ಕಣ್ಣಿನ ಗಂತಿಯ ಚಿಹ್ನೆಯಾಗಿರಬಹುದು.

ಆಸ್ಪತ್ರೆ ತಲುಪುವವರೆಗೆ ಕಣ್ಣಿಗೆ ಎಲೆಯ ರಸ, ಜೇನು, ಎದೆಹಾಲು ಮುಂತಾದುವನ್ನು ಹಾಕಕೂಡದು. ಮನೆಯಲ್ಲಿ ಉಳಿದ ಹನಿಔಷಧಿಯೂ ಬೇಡ. ಸ್ಟೀರಾಯ್ಡ್ ಬೆರೆತ ಹನಿಗಳನ್ನು ವೈದ್ಯರ ಸಲಹೆಯಿಲ್ಲದೆ ಬಹುಕಾಲ ಬಳಸಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿನರವೇ ಹಾಳಾಗಬಹುದು. ಮಧುಮೇಹವಿರುವ ಶಿಕ್ಷಕರು ತಮ್ಮ ನೋಟ ಚೆನ್ನಾಗಿಯೇ ಇದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.

ಕೇಳುವ ಮತ್ತು ಬರೆಯುವ ಕ್ರಮ

ನಮ್ಮ ಆಡುಮಾತಿನಲ್ಲಿ "ಕಣ್ಣು ಕತ್ತಲೆ ಬರುತ್ತದೆ" ಎಂಬುದು ಬಹುಮಟ್ಟಿಗೆ ತಲೆಸುತ್ತನ್ನು ಸೂಚಿಸುತ್ತದೆ. ಉಪವಾಸ, ರಕ್ತಹೀನತೆಗಳು ಅದಕ್ಕೆ ಕಾರಣವಿರಬಹುದು. "ಮಂಜಾಗುತ್ತದೆ" ಎಂದರೆ ಮಸುಕು. "ಕುಕ್ಕುತ್ತದೆ" ಎಂದರೆ ಬೆಳಕನ್ನು ಸಹಿಸಲಾರದಿರುವುದು. ಮಗು ಯಾವ ಮಾತನ್ನು ಬಳಸಿತೋ ಅದನ್ನೇ ಮೊದಲು ಬರೆದುಕೊಂಡು, ಬಳಿಕ ಹೀಗೆ ಕೇಳಬೇಕು: ಒಂದು ಕಣ್ಣಿಗೋ ಎರಡಕ್ಕೋ? (ಒಂದೊಂದನ್ನೇ ಮುಚ್ಚಿಸಿ ನೋಡಿರಿ.) ಎಂದು ಆರಂಭವಾಯಿತು? ಎಷ್ಟು ಹೊತ್ತು ಇರುತ್ತದೆ? ನೋಟದ ಯಾವ ಭಾಗದಲ್ಲಿ? ಜೊತೆಗೆ ನೋವು, ವಾಂತಿ, ತಲೆನೋವುಗಳಿವೆಯೇ? ಪೆಟ್ಟು, ಜ್ವರ, ಗ್ರಹಣ ನೋಡಿದುದು ಮೊದಲಾದ ಕಾರಣಗಳಿವೆಯೇ? "ಮಿಂಚು ಕಂಡಿತೇ?" ಎಂದು ಉತ್ತರವನ್ನು ಬಾಯಿಗೆ ತುರುಕುವ ಬದಲು "ಏನು ಕಂಡಿತು?" ಎಂದು ಕೇಳಿ, ಅದನ್ನು ಹಾಳೆಯ ಮೇಲೆ ಬರೆದು ತೋರಿಸಲು ಹೇಳುವುದು ಒಳ್ಳೆಯದು. ಚಿತ್ರಕ್ಕೆ ಅನುವಾದ ಬೇಕಿಲ್ಲ.

ಮಾದರಿಗಾಗಿ ಒಂದು ಟಿಪ್ಪಣಿ: "ಎಂಟನೆಯ ತರಗತಿಯ ಬಾಲಕಿ. ಎರಡು ತಿಂಗಳಲ್ಲಿ ನಾಲ್ಕು ಬಾರಿ. ಎರಡೂ ಕಣ್ಣು. ಬಲಬದಿಯಲ್ಲಿ ಹೊಳೆಯುವ ಅಂಕುಡೊಂಕು ಗೆರೆ, ಇಪ್ಪತ್ತು ನಿಮಿಷ. ಅನಂತರ ತಲೆನೋವು, ಒಮ್ಮೆ ವಾಂತಿ. ನಡುವಿನ ದಿನಗಳಲ್ಲಿ ನೋಟ ಸರಿ. ತಾಯಿಗೂ ತಲೆನೋವಿನ ತೊಂದರೆ." ಇಷ್ಟನ್ನು ರಾಜ್ಯಭಾಷೆಯಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆದುಕೊಟ್ಟರೆ ವೈದ್ಯರ ಅರ್ಧ ಶ್ರಮ ಉಳಿಯುತ್ತದೆ.

ಭಾಷಾಂತರದಲ್ಲಿ ಎಚ್ಚರ ಬೇಕು. ಕನ್ನಡದ 'ಮಂಜು' ಎಂಬುದು ತಮಿಳರ ಕಿವಿಗೆ 'ಮಂಜಳ್' ಎಂದೂ ಮಲಯಾಳಿಗಳ ಕಿವಿಗೆ 'ಮಞ್ಞ' ಎಂದೂ ಕೇಳಿಸೀತು; ಎರಡಕ್ಕೂ ಹಳದಿ ಎಂದರ್ಥ. ಮಸುಕಾಗಿ ಕಾಣುವುದಕ್ಕೆ ತಮಿಳಿನಲ್ಲಿ 'ಮಂಗಲ್', ಮಲಯಾಳದಲ್ಲಿ 'ಮಙ್ಙಲ್', ತೆಲುಗಿನಲ್ಲಿ 'ಮಸಕ', ಮರಾಠಿಯಲ್ಲಿ 'ಅಂಧುಕ' ಎಂಬ ಮಾತುಗಳಿವೆ. ಇರುಳುಗುರುಡು ತಮಿಳಿನಲ್ಲಿ 'ಮಾಲೈಕ್ಕಣ್', ಮಲಯಾಳದಲ್ಲಿ 'ನಿಶಾಂಧತ', ತೆಲುಗಿನಲ್ಲಿ 'ರೇಚೀಕಟಿ', ಮರಾಠಿಯಲ್ಲಿ 'ರಾತಾಂಧಳೇಪಣಾ'. ಮರಾಠಿಯಲ್ಲಿ 'ಮೋತಿಬಿಂದು' ಎಂದರೆ ಪೊರೆ, 'ಕಾಚಬಿಂದು' ಎಂದರೆ ಗ್ಲಾಕೋಮಾ. ಇವೆರಡನ್ನು ಅದಲುಬದಲು ಮಾಡಿದರೆ ಅನರ್ಥವಾದೀತು.

ಎಲ್ಲಿಗೆ ಕಳುಹಿಸಬೇಕು?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯಕೀಯ ತಂಡವು ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಶಿಕ್ಷಕರ ಟಿಪ್ಪಣಿಗಳು ಆ ದಿನ ಸಿದ್ಧವಾಗಿರಲಿ. ಆಂಧ್ರಪ್ರದೇಶದಲ್ಲಿ 2019ರಲ್ಲಿ ಆರಂಭಗೊಂಡ 'ಕಂಟಿ ವೆಲುಗು' ಯೋಜನೆಯ ಮೊದಲ ಹಂತವು ಶಾಲಾಮಕ್ಕಳ ತಪಾಸಣೆಗೇ ಮೀಸಲಾಗಿತ್ತು. ಆದರೆ ಇಂತಹ ತಪಾಸಣೆಗಳು ಮುಖ್ಯವಾಗಿ ಅಕ್ಷರಫಲಕದ ಪರೀಕ್ಷೆಗಳೆಂಬುದನ್ನು ಮರೆಯಬಾರದು. 6/12 ಎಂಬ ಬರಹದ ಅರ್ಥ, ಸಾಮಾನ್ಯ ದೃಷ್ಟಿಯವರು 12 ಮೀಟರ್ ದೂರದಿಂದ ಓದುವುದನ್ನು ಈ ಮಗು 6 ಮೀಟರ್ ಹತ್ತಿರದಿಂದ ಓದುತ್ತದೆ ಎಂದು. ಫಲಕವನ್ನು ಪೂರ್ತಿ ಓದಿದ ಮಗುವಿಗೂ ಇರುಳುಗುರುಡು, ಅಕ್ಷಿಪಟಲದ ಹರಿತ, ಅರೆತಲೆನೋವುಗಳಿರಬಹುದು. "6/6 ಬಂದಿದೆ, ಏನೂ ಇಲ್ಲ" ಎಂಬ ತೀರ್ಮಾನ ಅಲ್ಲಿಗೇ ಸಲ್ಲದು. ಪಾಪೆಯನ್ನು ಹಿಗ್ಗಿಸುವ ಹನಿ ಹಾಕಿ ಅಕ್ಷಿಪಟಲವನ್ನು ನೋಡಿದ್ದಾರೆಯೇ ಎಂದು ವಿಚಾರಿಸಬೇಕು. ಆ ಹನಿಯಿಂದ ಕೆಲವು ಗಂಟೆಗಳು, ಕೆಲವೊಮ್ಮೆ ಒಂದೆರಡು ದಿನ, ಹತ್ತಿರದ ಅಕ್ಷರ ಮಬ್ಬಾಗಿರುತ್ತದೆಂದು ಪೋಷಕರಿಗೆ ಮೊದಲೇ ತಿಳಿಸಿದರೆ ಅವರು ಗಾಬರಿಗೊಳ್ಳುವುದಿಲ್ಲ.

ಕಾರಣ ತಿಳಿಯದೆ ಉಳಿದಾಗ

ಎಲ್ಲ ಪರೀಕ್ಷೆಗಳ ಬಳಿಕವೂ ಕಾರಣ ದೊರೆಯದಿರುವುದುಂಟು. ಆಗ ಮಗು ನಟಿಸುತ್ತಿದೆಯೆಂದು ಹೇಳುವ ಅಧಿಕಾರ ಶಿಕ್ಷಕರಿಗಿಲ್ಲ. ಮನಸ್ಸಿನ ಒತ್ತಡದಿಂದ ನೋಟ ಮಂಕಾದರೂ ಅದು ಮಗುವಿಗೆ ನಿಜವಾದ ಸಂಕಟವೇ. ವಿಷುವಲ್ ಸ್ನೋ ಇರುವವರಿಗೆ ಖಚಿತವಾಗಿ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಆದರೆ ಅದು ಕುರುಡುತನಕ್ಕೆ ಒಯ್ಯುವುದಿಲ್ಲವೆಂಬ ಮಾತೇ ಅವರಿಗೆ ಬಹುದೊಡ್ಡ ಸಮಾಧಾನ. ಇಂತಹ ಮಗುವನ್ನು ಕಿಟಕಿಯ ಬೆಳಕು ಕಣ್ಣಿಗೆ ಹೊಡೆಯದ ಕಡೆ ಕುಳ್ಳಿರಿಸುವುದು, ಹೊಳಪೇರಿದ ಹಲಗೆಗೆ ಮತ್ತೆ ಕಪ್ಪು ಬಳಿಸುವುದು, ದೊಡ್ಡಕ್ಷರದಲ್ಲಿ ಪಾಠದ ಟಿಪ್ಪಣಿ ಕೊಡುವುದು, ತೊಂದರೆ ಬಂದಾಗ ಕೆಲಹೊತ್ತು ಕಣ್ಣು ಮುಚ್ಚಿ ಕುಳಿತಿರಲು ಬಿಡುವುದು, ಊಟ ಮತ್ತು ನಿದ್ದೆ ತಪ್ಪದಂತೆ ಮನೆಯವರಿಗೆ ಹೇಳುವುದು, ಇವೆಲ್ಲ ತರಗತಿಯಲ್ಲಿ ಸಾಧ್ಯವಾದ ನೆರವುಗಳು. ಅದರೊಡನೆ ದಿನಾಂಕ, ವೇಳೆ, ಅವಧಿಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಬೇಕು. ತೊಂದರೆಯ ರೀತಿ ಬದಲಾದರೆ, ಹೆಚ್ಚಿದರೆ, ಅಥವಾ ಮೇಲೆ ಹೇಳಿದ ಆರರಲ್ಲಿ ಒಂದು ಕಾಣಿಸಿದರೆ, ಹಿಂದಿನ ಪರೀಕ್ಷೆಯ ಫಲಿತಾಂಶವೇನಿದ್ದರೂ ಮತ್ತೆ ವೈದ್ಯರ ಬಳಿಗೆ ಕಳುಹಿಸಬೇಕು. ಆ ನೋಟುಪುಸ್ತಕವೂ ಮಗುವಿನ ಜೊತೆಯಲ್ಲಿ ಹೋಗಲಿ.